ಸಂಜೆಯೊಳಗೆ ಎರಡು ಲಕ್ಷ

ಮಗಳ ಕಾಲೇಜು ಸೀಟಿಗೆ ಸಂಜೆಯೊಳಗೆ ಎರಡು ಲಕ್ಷ ಕಟ್ಟಬೇಕು. ತಿಪಟೂರು ಸೀಮೆಯ ತೋಟದ ಮನೆಗಳಲ್ಲಿ ಇಂಥ ದಿನ ಹೊಸದಲ್ಲ. ಎರಡು ಎಕರೆ ತೆಂಗು, ಅಟ್ಟದ ತುಂಬ ಕಾಯಿ, ಬ್ಯಾಂಕಿನಲ್ಲಿ ಎಫ್‌ಡಿ, ಬೀರುವಿನಲ್ಲಿ ಒಡವೆ ಎಲ್ಲ ಇರುತ್ತದೆ. ಕೈಯಲ್ಲಿ ಮಾತ್ರ ಕಾಸಿರುವುದಿಲ್ಲ.

ಬೆಳಗ್ಗೆ ಮೊದಲು ಕಣ್ಣು ಹೋಗುವುದು ಅಟ್ಟಕ್ಕೆ. ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ನೀರು ಕುಲುಕಿದರೆ ವಾಪಸ್ ಇಟ್ಟುಬಿಡಿ. ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೆ ಮಾತ್ರ ಉಂಡೆ ಕೊಬ್ಬರಿ. ಹತ್ತು ಹನ್ನೊಂದು ತಿಂಗಳು ಒಣಗದೆ ಆ ಸದ್ದು ಬರದು. ಬಂದರೂ ಸುಲಿಯಬೇಕು, ಗಿಟುಕು ಸೀಳದಂತೆ ಚಿಪ್ಪು ಒಡೆಯಬೇಕು, ಎಪಿಎಂಸಿ ಟೆಂಡರ್‌ಗೆ ಕಾಯಬೇಕು. ಒಳ್ಳೆ ದುಡ್ಡೇ, ಆದರೆ ಇವತ್ತಿನದಲ್ಲ.

ತೋಟದ ಮಾತೇ ಬೇಡ. ಪಹಣಿ ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ವಂಶವೃಕ್ಷ. ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗ ಅಳೆದು ಬರೆದ ಸರ್ವೆಯ 11ಇ ನಕ್ಷೆ. ಗುಬ್ಬಿಗೆ ಕೊಟ್ಟ ಅತ್ತೆಯ ಸಹಿಯೂ ಬೇಕು.

ಎಫ್‌ಡಿ ಮುರಿಯುವ ಬದಲು ಅದರ ಮೇಲೆ ಸಾಲ ಕೇಳುವುದು ಜಾಣತನ. ಸಾಮಾನ್ಯವಾಗಿ ಶೇ 90ರವರೆಗೆ ಸಿಗುತ್ತದೆ, ಬಡ್ಡಿ ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚು. ಆದರೆ ಜಂಟಿ ಖಾತೆಯಾದರೆ, ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು) ಅಂತ ಬರೆಸಿದ್ದರೂ, ಇಬ್ಬರ ಸಹಿ ಕೇಳುವುದುಂಟು. ಇನ್ನೊಬ್ಬರು ಬೆಂಗಳೂರಿನಲ್ಲಿದ್ದರೆ ಆ ದಿನ ಮುಗಿಯಿತು.

ಉಳಿದದ್ದು ಒಡವೆ ಅಡವಿಟ್ಟು ಸಾಲ. ಬ್ಯಾಂಕಿಗೆ ಹತ್ತು ಗಂಟೆಗೇ ಹೋಗಿ. ಒಡವೆ ಪರೀಕ್ಷಿಸಿ ಬೆಲೆ ಕಟ್ಟುವ ಅಪ್ರೈಸರ್ ಊಟಕ್ಕೆ ಎದ್ದರೆ ಮತ್ತೆ ಮೂರು ಗಂಟೆ. ಅಜ್ಜಿ ಕಾಲದ ಗುಂಡಿನ ಸರ ತಕ್ಕಡಿಯಲ್ಲಿ 40 ಗ್ರಾಂ ತೂಗಿತು ಅನ್ನಿ. ಗುಂಡಿನೊಳಗಿನ ಅರಗು, ನಡುವಿನ ಹವಳ, ದಾರ ಕಳೆದರೆ 33. ಒರೆಗಲ್ಲಿಗೆ ಉಜ್ಜಿ ಆಸಿಡ್ ಬಿಟ್ಟಾಗ 20 ಕ್ಯಾರೆಟ್ ಅಂತ ಕಂಡರೆ, 22 ಕ್ಯಾರೆಟ್ ಲೆಕ್ಕಕ್ಕೆ ಅದು 30 ಗ್ರಾಂ. ಹಿಂದೆ ಕೊಟ್ಟ ಮಜೂರಿ, ವೇಸ್ಟೇಜ್ ಯಾವುದಕ್ಕೂ ಬೆಲೆಯಿಲ್ಲ. ಅಂಗಡಿ ಬೋರ್ಡಿನ ದರ ಹೇಳಿ ಜಗಳವಾಡಿಯೂ ಪ್ರಯೋಜನವಿಲ್ಲ: ಹಿಂದಿನ ದಿನದ ದರ, 30 ದಿನದ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯುತ್ತಾರೆ. ಗ್ರಾಂಗೆ ಹತ್ತು ಸಾವಿರ ಅಂದುಕೊಂಡರೆ ಮೂರು ಲಕ್ಷದ ಮಾಲು.

ಆರ್‌ಬಿಐ 2025ರ ಜೂನ್‌ನಲ್ಲಿ ತಂದ ನಿಯಮದಂತೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 85, ಐದು ಲಕ್ಷದವರೆಗೆ 80, ಅದಕ್ಕೂ ಮೇಲೆ 75. ಅವಧಿ ಮುಗಿದಾಗ ಒಂದೇ ಸಲ ತೀರಿಸುವ ಸಾಲವಾದರೆ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು. ಎರಡು ಲಕ್ಷಕ್ಕೆ ಶೇ 9ರಂತೆ ವರ್ಷದ ಬಡ್ಡಿ 18 ಸಾವಿರ ಸೇರಿಸಿದರೂ ನಮ್ಮ ಸರಕ್ಕೆ ಧಾರಾಳ.

ಬ್ಯಾಂಕ್ ಕೊಡುವ ಅಡವಿನ ಚೀಟಿಯಲ್ಲಿ ಒಟ್ಟು ತೂಕ, ನಿವ್ವಳ ತೂಕ, ಕ್ಯಾರೆಟ್ ಮೂರೂ ಇವೆಯೇ ನೋಡಿಕೊಳ್ಳಿ. ಹವಳ ಎಷ್ಟೆಂದು ಎಣಿಸಿ ಬರೆಸಿ. ಸಾಲ ತೀರಿದ ಮೇಲೆ 7 ಕೆಲಸದ ದಿನದೊಳಗೆ ಒಡವೆ ಕೈಗೆ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಅವರೇ ಕೊಡಬೇಕು.