ಬೈಯುವವರಿಗೆ ಮೊದಲು, ಕಚ್ಚುವವರಿಗೆ ಕೊನೆಗೆ

ನಮ್ಮ ಹನುಮಂತನಗರದ ಮನೆಯ ಪಡಸಾಲೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ಒಂದು ಕೊಕ್ಕೆತಂತಿ ನೇತಾಡುತ್ತದೆ. ಅಪ್ಪ ಪ್ರತಿ ತಿಂಗಳು ಬೆಂಗಳೂರು ಒನ್ ಕೇಂದ್ರದಲ್ಲಿ ಸಾಲಿನಲ್ಲಿ ನಿಂತು ಕರೆಂಟು ಬಿಲ್ಲು, ನೀರಿನ ಬಿಲ್ಲು ಕಟ್ಟಿ ಬಂದು ರಸೀದಿಗಳನ್ನು ಅದಕ್ಕೆ ಚುಚ್ಚಿಡುತ್ತಿದ್ದರು. 2023ರ ಫೆಬ್ರವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದ ನಂತರ ಆ ಜವಾಬ್ದಾರಿ ನನ್ನ ಹೆಗಲಿಗೆ ಬಂತು. ಬಂತು ಎನ್ನುವುದಕ್ಕಿಂತ, ಬಂದು ಹಾಗೆಯೇ ಬಿದ್ದಿತ್ತು ಎಂದರೆ ಸರಿಯಾದೀತು. ಆಸ್ಪತ್ರೆ, ಫಿಸಿಯೋಥೆರಪಿ, ರಜೆಯ ಸಂಬಳಕಡಿತಗಳ ನಡುವೆ ಬಂದ ಬಿಲ್ಲುಗಳನ್ನು ಮಡಚಿ ಫ್ರಿಜ್ಜಿನ ಮೇಲಿಡುವುದೇ ಅಭ್ಯಾಸವಾಯಿತು. ಲೈನ್‌ಮನ್ ಫ್ಯೂಸು ಕೀಳಲು ಬಾಗಿಲಿಗೆ ಬಂದಾಗ ಮಾತ್ರ ಕರೆಂಟಿನ ಹಣ ಕಟ್ಟುತ್ತಿದ್ದೆವು.

2024ರ ಸೆಪ್ಟೆಂಬರಿನ ಒಂದು ಭಾನುವಾರ ಆ ಕಟ್ಟನ್ನೆಲ್ಲ ನೆಲದ ಮೇಲೆ ಹರಡಿ ಕುಳಿತೆ. ಎರಡು ವರ್ಷಗಳ ಆಸ್ತಿ ತೆರಿಗೆ, ಏಳು ತಿಂಗಳ ನೀರಿನ ಬಿಲ್ಲು, ಮೂರು ತಿಂಗಳ ಕರೆಂಟು, ಆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ತರಿಸಿದ ಟ್ಯಾಂಕರ್ ನೀರಿನ ಬಾಕಿ, ಶೆಟ್ಟರ ದಿನಸಿ ಅಂಗಡಿಯ ಲೆಕ್ಕ, ಪಕ್ಕದ ಬೀದಿಯಲ್ಲಿ ಚೀಟಿ ನಡೆಸುವ ಅಮ್ಮನವರಿಗೆ ಕೊಡಬೇಕಿದ್ದ ಎರಡು ಕಂತು, ಹಾಗೂ ಆಸ್ಪತ್ರೆಯಲ್ಲಿ ಉಜ್ಜಿದ ಕ್ರೆಡಿಟ್ ಕಾರ್ಡಿನ 48,000 ರೂಪಾಯಿ. ಮೊತ್ತವನ್ನು ಕೂಡಿದಾಗ ಭಯವಾಯಿತು ನಿಜ, ಆದರೆ ಕೂಡದೇ ಇದ್ದಾಗಿನ ಭಯಕ್ಕಿಂತ ಅದು ಕಡಿಮೆಯಿತ್ತು.

ತಪ್ಪು ಮಾಡಿದ್ದು ಅದರ ನಂತರ. ಕೈಗೆ ಬಂದ ಹಬ್ಬದ ಮುಂಗಡದಲ್ಲಿ ಮೊದಲು ಚೀಟಿಯ ಕಂತು ಕಟ್ಟಿದೆ, ಏಕೆಂದರೆ ಆ ಅಮ್ಮನವರು ತರಕಾರಿ ಗಾಡಿಯ ಬಳಿ ಎದುರಾದಾಗಲೆಲ್ಲ ಕೆಮ್ಮುತ್ತಿದ್ದರು. ಆಮೇಲೆ ಟ್ಯಾಂಕರಿನವರಿಗೆ ಕೊಟ್ಟೆ, ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರೆಂದು. ಶೆಟ್ಟರು ಬಾಯಿಬಿಟ್ಟು ಎಂದೂ ಕೇಳಿದವರಲ್ಲ, ಆದರೆ ಒಂದು ಸಂಜೆ, "ಸಾರ್, ನಿಮ್ಮ ಪುಸ್ತಕ ಮುಗೀತಾ ಬಂತು, ಹೊಸದು ತರಿಸಲಾ?" ಎಂದರು. ಮರುದಿನವೇ ಅವರಿಗೆ ಅರ್ಧ ಲೆಕ್ಕ ಚುಕ್ತಾ ಮಾಡಿದೆ. ಕಾರ್ಡಿಗೆ ಮಾತ್ರ ಎಂದಿನಂತೆ ತಿಂಗಳಿಗೆ 2,400 ರೂಪಾಯಿ ಕನಿಷ್ಠ ಮೊತ್ತ ಕಟ್ಟಿ, ಅದೊಂದು ಸಾಲ ಹೇಗೋ ಸಾಗುತ್ತಿದೆ ಎಂದು ಸಮಾಧಾನಪಟ್ಟುಕೊಂಡೆ.

ದಸರೆಗೆ ಬಂದಿದ್ದ ತಂಗಿ ನನ್ನ ನೋಟುಬುಕ್ಕನ್ನು ನೋಡಿದಳು. ಅವಳು ಲೆಕ್ಕಪತ್ರದ ಕೆಲಸದಲ್ಲಿರುವವಳು. "ಅಣ್ಣ, ನೀನು ಬೈಯುವವರಿಗೆ ಮೊದಲು ಕೊಟ್ಟಿದ್ದೀಯ, ಕಚ್ಚುವವರಿಗೆ ಕೊನೆಗೆ ಇಟ್ಟಿದ್ದೀಯ," ಎಂದು ಪೆನ್ಸಿಲು ಕೇಳಿದಳು. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡ 3.5, ಅಂದರೆ 1,680 ರೂಪಾಯಿ; ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ, ಇನ್ನೊಂದು 302 ರೂಪಾಯಿ. ನಾನು ಕಟ್ಟುತ್ತಿದ್ದ 2,400ರಲ್ಲಿ ಅಸಲಿಗೆ ಜಮೆಯಾಗುತ್ತಿದ್ದದ್ದು 418 ರೂಪಾಯಿ ಮಾತ್ರ. ಒಂದು ದಿನವೂ ಎದುರಿಗೆ ಬಂದು ಕೆಮ್ಮದ ಆ ಸಾಲವೇ ಎಲ್ಲಕ್ಕಿಂತ ದುಬಾರಿಯಾಗಿತ್ತು. ಕರೆಂಟು ಬಿಲ್ಲು ತಡವಾದರೆ ಬಡ್ಡಿ ತಿಂಗಳಿಗೆ ಶೇಕಡ 1. ಸಂಪರ್ಕ ಕಡಿತಗೊಳಿಸುವ ಮುನ್ನ 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ ಪೂರ್ಣ ಹದಿನೈದು ದಿನಗಳ ಲಿಖಿತ ನೋಟಿಸು ಕೊಡಬೇಕು. ಶೆಟ್ಟರದಂತೂ ಬಡ್ಡಿಯೇ ಇಲ್ಲದ ಸಾಲ. ಬಡ್ಡಿಯಿಲ್ಲ ಎಂದಮಾತ್ರಕ್ಕೆ ಅದನ್ನು ಎಳೆಯುವುದು ನ್ಯಾಯವೇ ಎಂದು ಕೇಳಿದೆ. ನ್ಯಾಯವಲ್ಲ, ಆದರೆ ಹೋಗಿ ಗಡುವು ಕೇಳುವುದಕ್ಕೆ ನಿನಗೆ ಬಾಯಿದೆ ಎಂದಳು. ಈ ವಿಷಯದಲ್ಲಿ ಅವಳ ಮಾತನ್ನು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ.

ಕೊನೆಗೆ ಅಮ್ಮನೇ ಕೈಬಳೆ ಬಿಚ್ಚಿಕೊಟ್ಟರು. ಒಡವೆ ಅಡ ಇಡುವುದೆಂದರೆ ನಮ್ಮ ಮನೆಯಲ್ಲಿ ಮಾತಾಡಲೂ ಹಿಂಜರಿಯುವ ಸಂಗತಿ. ಗಿರವಿ ಅಂಗಡಿಯ ಮೆಟ್ಟಿಲು ತುಳಿಯುವುದು ಬೇಡವೆಂದು ನಮ್ಮ ಬಡಾವಣೆಯ ಸಹಕಾರ ಸಂಘದಲ್ಲಿ ವರ್ಷಕ್ಕೆ ಶೇಕಡ 12ರ ಬಡ್ಡಿಗೆ ಸಾಲ ತೆಗೆದು, ಕಾರ್ಡಿನ ಬಾಕಿಯನ್ನು ಒಂದೇ ಸಲಕ್ಕೆ ತೀರಿಸಿದೆವು. ತಿಂಗಳಿಗೆ ಸುಮಾರು 1,980 ರೂಪಾಯಿ ನುಂಗುತ್ತಿದ್ದ ಜಾಗದಲ್ಲಿ ಈಗ 480 ರೂಪಾಯಿ.

ಆಸ್ತಿ ತೆರಿಗೆಯ ವಿಷಯದಲ್ಲಿ ಅದೃಷ್ಟ ನೆಟ್ಟಗಿತ್ತು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಸಿಗುವ ಶೇಕಡ 5ರ ರಿಯಾಯಿತಿಯನ್ನು ಅಪ್ಪ ಒಂದು ವರ್ಷವೂ ಬಿಟ್ಟವರಲ್ಲ. ನಾನು ಎರಡು ವರ್ಷ ಕಳೆದುಕೊಂಡಿದ್ದೆ. ಆದರೆ ಆಗ ಬಿಬಿಎಂಪಿ ಹಳೆಯ ಬಾಕಿಯ ಬಡ್ಡಿ ಮನ್ನಾ ಮಾಡುವ ಒಂದು ಬಾರಿಯ ತೀರುವಳಿ ಯೋಜನೆಯನ್ನು 2024ರ ನವೆಂಬರ್ 30ರವರೆಗೆ ಇಟ್ಟಿತ್ತು. 2023–24ರ ಬಾಕಿಯನ್ನು ಅದರಡಿಯಲ್ಲಿ ನವೆಂಬರ್ ಮೂರನೆಯ ವಾರ ಕಟ್ಟಿದೆ. ಪ್ರಾಮಾಣಿಕವಾಗಿ ಗಡುವಿನೊಳಗೆ ಕಟ್ಟಿದ ನೆರೆಮನೆಯವರಿಗೆ ಇದನ್ನು ಹೇಳಲು ಸಂಕೋಚವಾಗಿ ಇಂದಿಗೂ ಹೇಳಿಲ್ಲ.

ನೀರಿನ ಬಿಲ್ಲು, ಕರೆಂಟು ಬಿಲ್ಲು ಡಿಸೆಂಬರಿನೊಳಗೆ ಸರಿಹೋದವು. ಬಳೆಗಳು ಮರುವರ್ಷದ ಆಷಾಢಕ್ಕೆ ಮುನ್ನ ಮನೆಗೆ ಬಂದವು. ಅಮ್ಮ ಅವನ್ನು ಒಂದು ದಿನ ತೊಟ್ಟು ಬೀರುವಿನಲ್ಲಿಟ್ಟಿದ್ದಾರೆ. ಶೆಟ್ಟರಲ್ಲಿ ಗಡುವು ಕೇಳಿಯೇ ಉಳಿದರ್ಧವನ್ನು ನಾಲ್ಕು ಕಂತಿನಲ್ಲಿ ಕೊಟ್ಟೆ. ಕೊನೆಯ ಕಂತಿನ ದಿನ ಅವರು ಹಳೆಯ ಪುಸ್ತಕದ ಮೇಲೆ ಅಡ್ಡಗೆರೆ ಎಳೆದು, ಬೆಲ್ಲ ಎಷ್ಟು ಕೊಡಲಿ ಎಂದು ಕೇಳಿದರು. ಅರ್ಧ ಕೆಜಿ ಎಂದು ಹೇಳಿ, ನಗದು ಕೊಟ್ಟು ಬಂದೆ.