ಕಿವಿರಿನಲ್ಲೊಂದು ಠಿಕಾಣಿ

ಇವತ್ತು ಸಮುದ್ರದ ಮೀನಿನ ಕಿವಿರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತಿದ್ದೆ.

ಕೆಂಪು ಎಳೆಗಳ ನಡುವೆ ಒಂದು ಪುಟ್ಟ ಹುಳ. ಹಿಂಭಾಗದ ಕೊಕ್ಕೆಗಳನ್ನು ಎಳೆಗೆ ಸಿಕ್ಕಿಸಿಕೊಂಡು ತಲೆ ಮಾತ್ರ ಆಚೆ ಈಚೆ ಆಡಿಸುತ್ತಿತ್ತು. ಸೂಜಿಯಿಂದ ಮೆಲ್ಲಗೆ ತಳ್ಳಿದೆ. ಊಹೂಂ, ಬಿಡುವ ಲಕ್ಷಣವೇ ಇಲ್ಲ!

ಮೊನೊಜೀನಿಯನ್ ಅಂತಾರೆ ಇವುಗಳನ್ನು. ಒಂದೇ ಮೀನಿನಲ್ಲಿ ಹತ್ತಿರದ ಸಂಬಂಧದ ಎರಡು ಮೂರು ಜಾತಿಗಳಿರುವುದೂ ಉಂಟು. ಒಂದಕ್ಕೆ ಎಳೆಯ ತುದಿ, ಇನ್ನೊಂದಕ್ಕೆ ಬುಡ. ದಾಯಾದಿಗಳು ಮನೆ ಪಾಲು ಮಾಡಿಕೊಂಡ ಹಾಗೆ.

ಜಗಳ ಆಡಿಯೇ ಹೀಗಾಗಿರಬೇಕು ಅಂದುಕೊಂಡಿದ್ದೆ. ಆದರೆ ಕ್ಲೌಸ್ ರೋಡೆ ಎಂಬ ವಿಜ್ಞಾನಿಯ ವಾದವೇ ಬೇರೆ. ಮೀನಿನ ಮೇಲೆ ಖಾಲಿ ಜಾಗ ಬೇಕಾದಷ್ಟಿದೆ, ಪೈಪೋಟಿ ಅಷ್ಟೇನೂ ಇಲ್ಲ. ಎಲ್ಲೆಂದರಲ್ಲಿ ಚದುರಿಹೋದರೆ ಜೋಡಿ ಸಿಗುವುದು ಕಷ್ಟ, ಅದಕ್ಕೇ ತಮ್ಮವರಿರುವ ಮೂಲೆಯಲ್ಲೇ ಠಿಕಾಣಿ. ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿದ್ದರೂ ಜೋಡಿ ಬೇಕು ನೋಡಿ!

ನನ್ನ ಹುಳದ ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ. ಮೀನಿನ ಎರಡೂ ಕಡೆಯ, ಕಿವಿರಿನ ಎಳೆಗಳನ್ನು ಹೊತ್ತ ನಾಲ್ಕು ನಾಲ್ಕು ಕಮಾನು ಹುಡುಕಿದೆ. ಪಾಪ, ಒಂದೇ ಒಂದು.