ಗುಮ್ಮಟಗಳ ದಾರಿಯಲ್ಲಿ ನೆಬ್ರಾಸ್ಕಾವರೆಗೆ

ಅಮೆರಿಕದ ನಡುನಾಡಿನಲ್ಲಿ ಕಾರಿನಲ್ಲಿ ಹೋಗುವಾಗ ರಾಜ್ಯದ ರಾಜಧಾನಿ ಹತ್ತಿರ ಬಂತು ಅಂತ ತಿಳಿಯೋಕೆ ಬೋರ್ಡ್ ನೋಡಬೇಕಾಗಿಲ್ಲ. ಮುಸುಕಿನ ಜೋಳದ ಹೊಲ ಮುಗಿದು ಊರು ಶುರುವಾಗುವ ಕಡೆ ಒಂದು ಗುಮ್ಮಟ ಕಾಣಿಸುತ್ತದೆ. ಕೆಳಗೆ ಕಂಬಗಳ ಸಾಲು, ಮೇಲೆ ಗುಮ್ಮಟ, ಅದರ ನೆತ್ತಿಯ ಮೇಲೊಂದು ಪುಟ್ಟ ಮಂಟಪ. ಶಾಸಕರು ಕೂರುವ ಕ್ಯಾಪಿಟಲ್ ಅದೇ. ವಾಷಿಂಗ್ಟನ್‌ನಲ್ಲಿರುವುದರ ನಕಲು ಅನ್ನಿಸುತ್ತದೆ. ಬಹಳ ಮಟ್ಟಿಗೆ ಅದು ನಿಜವೂ ಹೌದು.

ನಾನಿರುವುದು ಶಿಕಾಗೋದಲ್ಲಿ. ಮೈಸೂರಿನಿಂದ ಬಂದಿದ್ದ ಅಕ್ಕನಿಗೆ ನಯಾಗರ ಬೇಡವಂತೆ, ಹಿಂದಿನ ಸಲವೇ ನೋಡಿ ಆಗಿತ್ತು. "ನೀರು ಸಾಕು, ಕಟ್ಟಡ ತೋರಿಸೋ" ಅಂದಳು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತಳಾದವಳು. ಎಲ್ಲಿ ಹೋದರೂ ಗೋಡೆ ತಟ್ಟಿ ನೋಡುವ ಚಾಳಿ. ಹಾಗಾಗಿ ನಾಲ್ಕು ರಾಜ್ಯಗಳ ಕ್ಯಾಪಿಟಲ್‌ಗಳನ್ನು ಒಂದೇ ಸುತ್ತಿನಲ್ಲಿ ನೋಡೋಣ ಅಂತ ಹೊರಟೆವು: ವಿಸ್ಕಾನ್ಸಿನ್, ಮಿನೆಸೋಟ, ಅಯೋವಾ, ನೆಬ್ರಾಸ್ಕಾ.

ದಾರಿಯಲ್ಲಿ ಅಕ್ಕನಿಗೆ ಮೂಲದ ಕಥೆ ಹೇಳಿದೆ. ವಾಷಿಂಗ್ಟನ್‌ನ ಈಗಿನ ಗುಮ್ಮಟ ಕಲ್ಲಿನದಲ್ಲ, ಎರಕದ ಕಬ್ಬಿಣದ್ದು. ಥಾಮಸ್ ವಾಲ್ಟರ್ ವಿನ್ಯಾಸ. ಅಂತರ್ಯುದ್ಧದ ನಡುವೆಯೂ ಕೆಲಸ ನಿಲ್ಲಿಸದೆ, 1863ರ ಡಿಸೆಂಬರ್‌ನಲ್ಲಿ ತುದಿಗೆ ಮೂರ್ತಿ ಏರಿಸಿದರು. ಯುದ್ಧ ಮುಗಿದ ಮೇಲೆ ಒಂದೊಂದೇ ರಾಜ್ಯ ತನಗೂ ಅಂಥದ್ದೇ ಬೇಕು ಅಂತ ಹೊರಟಿತು. "ಅಂದ್ರೆ ಕಬ್ಬಿಣಕ್ಕೆ ಬಿಳಿ ಬಣ್ಣ ಬಳಿದು ಕಲ್ಲು ಅಂತ ತೋರಿಸಿದ್ದಾರೆ. ಅದನ್ನ ನೋಡಿ ಇವರು ನಿಜವಾಗಿ ಕಲ್ಲಲ್ಲಿ ಕಟ್ಟೋಕೆ ಹೋಗಿದ್ದಾರೆ" ಅಂದಳು ಅಕ್ಕ. ಇಷ್ಟು ಚಿಕ್ಕದಾಗಿ ಈ ಕಥೆಯನ್ನು ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ವಿಸ್ಕಾನ್ಸಿನ್‌ನ ರಾಜಧಾನಿ ಮ್ಯಾಡಿಸನ್ ತಲುಪಿದ್ದು ಶನಿವಾರ ಬೆಳಿಗ್ಗೆ. ಎರಡು ಕೆರೆಗಳ ನಡುವಿನ ಕಿರಿದಾದ ನೆಲದ ಮೇಲೆ ಊರಿದೆ. ಅದರ ನಡುವಿನ ದಿಬ್ಬದ ಮೇಲೆ ಕ್ಯಾಪಿಟಲ್. ಬೇಸಿಗೆಯ ಶನಿವಾರಗಳಲ್ಲಿ ಅದರ ಸುತ್ತಲ ಚೌಕದಲ್ಲಿ ರೈತರ ಸಂತೆ ನಡೆಯುತ್ತದೆ. ಚೀಸು, ಜೇನು, ಸೊಪ್ಪು, ಹೂವು. ಜನರೆಲ್ಲ ಗಡಿಯಾರದ ಮುಳ್ಳಿಗೆ ಎದುರಾಗಿ ನಡೆಯುವುದು ಇಲ್ಲಿನ ರೂಢಿ. "ಗುಮ್ಮಟಕ್ಕೆ ಅಪ್ರದಕ್ಷಿಣೆ ಹಾಕ್ತಿದ್ದಾರಲ್ಲೋ!" ಅಂತ ಅಕ್ಕ ನಕ್ಕಳು. ಆದರೂ ಎರಡು ಪೊಟ್ಟಣ ಚೀಸ್ ಕೊಂಡಳು.

ಈ ಕಟ್ಟಡಕ್ಕೆ ಮುಂದು ಹಿಂದು ಅಂತ ಇಲ್ಲ. ನಾಲ್ಕು ದಿಕ್ಕಿಗೂ ಒಂದೇ ಅಳತೆಯ ನಾಲ್ಕು ರೆಕ್ಕೆ. ದಕ್ಷಿಣದ್ದರಲ್ಲಿ ಸೆನೆಟ್, ಪಶ್ಚಿಮದ್ದರಲ್ಲಿ ಅಸೆಂಬ್ಲಿ, ಪೂರ್ವದ್ದರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್. ನಾವು ಹೋದಾಗ ಬಾಗಿಲಲ್ಲಿ ಯಾರೂ ಬ್ಯಾಗ್ ಕೇಳಲಿಲ್ಲ. ಕೈಯಲ್ಲಿ ತರಕಾರಿ ಚೀಲ ಹಿಡಿದವರು ಒಂದು ಬಾಗಿಲಿಂದ ಬಂದು ಇನ್ನೊಂದರಿಂದ ಹೋಗುತ್ತಿದ್ದರು, ಶೌಚಾಲಯಕ್ಕೋ ನೆರಳಿಗೋ. 2011ರಲ್ಲಿ ಸರ್ಕಾರಿ ನೌಕರರ ಸಂಘಗಳ ಹಕ್ಕು ಮೊಟಕುಗೊಳಿಸುವ ಮಸೂದೆ ಬಂದಾಗ ಸಾವಿರಾರು ಜನ ಇದೇ ಗುಮ್ಮಟದ ಕೆಳಗೆ ವಾರಗಟ್ಟಲೆ ಧರಣಿ ಕೂತಿದ್ದರು. ನಿಂತು ನೋಡಿದರೆ ಅದು ಹೇಗೆ ಸಾಧ್ಯವಾಯಿತು ಅಂತ ಗೊತ್ತಾಗುತ್ತದೆ. ನಾಲ್ಕು ಕಡೆಯಿಂದಲೂ ಜನ ಬಂದು ಸೇರುವುದು ಆ ನಡುವಿನ ಅಂಗಳಕ್ಕೇ.

ಹಿಂದಿನ ಕ್ಯಾಪಿಟಲ್ 1904ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಹೊಸದಾಗಿ ವಾರ್ನಿಷ್ ಬಳಿದ ಮಾಳಿಗೆಗೆ ಗ್ಯಾಸ್ ದೀಪದ ಉರಿ ತಗುಲಿತ್ತು. ವಿಮೆ ಆಗಷ್ಟೇ ಮುಗಿದುಹೋಗಿತ್ತು! ಉತ್ತರದ ರೆಕ್ಕೆ ಮಾತ್ರ ಉಳಿಯಿತು. ಹೊಸದನ್ನು ಜಾರ್ಜ್ ಪೋಸ್ಟ್ ವಿನ್ಯಾಸ ಮಾಡಿದರು, ನ್ಯೂಯಾರ್ಕ್ ಷೇರುಪೇಟೆಯ ಕಟ್ಟಡ ಮಾಡಿದವರು ಅವರೇ. ಒಂದೊಂದೇ ರೆಕ್ಕೆ ಕಟ್ಟುತ್ತಾ 1906ರಿಂದ 1917ರವರೆಗೆ ಕೆಲಸ ನಡೆಯಿತು. ಹೊರಗಿನ ಕಲ್ಲು ವರ್ಮಾಂಟ್‌ನ ಬಿಳಿ ಗ್ರಾನೈಟ್. ಗುಮ್ಮಟವೂ ಗ್ರಾನೈಟೇ. ಅಕ್ಕ ಇಲ್ಲಿ ಸುಮಾರು ಹೊತ್ತು ನಿಂತಳು. ವಿಧಾನಸೌಧದ ಸೈಜುಗಲ್ಲನ್ನು ಚಿಕ್ಕಂದಿನಿಂದ ನೋಡಿದವಳಿಗೆ ಗ್ರಾನೈಟನ್ನು ಗುಮ್ಮಟದ ಬಾಗಿಗೆ ತರುವುದು ಎಷ್ಟು ಕಷ್ಟ ಅಂತ ಗೊತ್ತು. ಅಮೃತಶಿಲೆಯ ಹಾಗೆ ಅದು ಉಳಿಗೆ ಒಗ್ಗುವುದಿಲ್ಲ.

ಎತ್ತರ 284 ಅಡಿ ಚಿಲ್ಲರೆ, ವಾಷಿಂಗ್ಟನ್ನಿನದಕ್ಕಿಂತ ಮೂರಡಿಯಷ್ಟು ಕಡಿಮೆ. ತುದಿಯಲ್ಲಿ ಚಿನ್ನದ ಲೇಪದ ಹೆಂಗಸಿನ ಮೂರ್ತಿ. ಡೇನಿಯಲ್ ಚೆಸ್ಟರ್ ಫ್ರೆಂಚ್ ಮಾಡಿದ್ದು. ಅವಳ ಶಿರಸ್ತ್ರಾಣದ ಮೇಲೆ ಬ್ಯಾಜರ್ ಕೂತಿದೆ, ಬಿಲ ತೋಡುವ ಪ್ರಾಣಿ. ಸೀಸದ ಗಣಿಯಲ್ಲಿ ಕೆಲಸ ಮಾಡುತ್ತಿದ್ದವರು ಚಳಿಗೆ ಗುಡ್ಡ ಕೊರೆದು ಒಳಗೆ ಮಲಗುತ್ತಿದ್ದರಂತೆ. ಹಾಗೆ ಬಂದ ಅಡ್ಡಹೆಸರು ಇಡೀ ರಾಜ್ಯಕ್ಕೆ ಅಂಟಿಕೊಂಡಿತು. ವಾಷಿಂಗ್ಟನ್ ನಕಲು ಅಂತ ಬೈಯ್ಯುವ ಮುಂಚೆ ಈ ಬ್ಯಾಜರ್ ನೋಡಬೇಕು. ನನಗೆ ಈ ಕಟ್ಟಡಗಳಲ್ಲಿ ಇಷ್ಟವಾಗುವುದು ಇಂಥ ಕಡೆಗಳೇ. ಅಚ್ಚು ಒಂದೇ, ಆದರೆ ಎಲ್ಲೋ ಒಂದು ಕಡೆ ಊರಿನ ಸ್ವಂತ ಮಾತು ಹೊರಗೆ ಬಂದಿರುತ್ತದೆ.

ಮಿನೆಸೋಟದ ರಾಜಧಾನಿ ಸೇಂಟ್ ಪಾಲ್‌ಗೆ ಅಲ್ಲಿಂದ ಇನ್ನೂರೈವತ್ತು ಮೈಲಿಗೂ ಜಾಸ್ತಿ. ಹೆದ್ದಾರಿ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮಿನೆಸೋಟದ ಕ್ಯಾಪಿಟಲ್ ನೋಡಿದ ಕೂಡಲೇ ಅಕ್ಕ ಮಾತು ನಿಲ್ಲಿಸಿದಳು. ಕ್ಯಾಸ್ ಗಿಲ್ಬರ್ಟ್ ವಿನ್ಯಾಸ, 1905ರ ಜನವರಿಯಲ್ಲಿ ತೆರೆದದ್ದು. ಮುಂದೆ ನ್ಯೂಯಾರ್ಕ್‌ನ ವುಲ್‌ವರ್ತ್ ಕಟ್ಟಡ, ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ಎರಡನ್ನೂ ಮಾಡಿದ ಮನುಷ್ಯ. ಇದಕ್ಕೆ ಆತ ಮಾದರಿಯಾಗಿ ನೋಡಿದ್ದು ರೋಮಿನ ಸೇಂಟ್ ಪೀಟರ್ಸ್ ಗುಮ್ಮಟವನ್ನು. ಕಲ್ಲು ಬೆಳ್ಳಗೆ, ಹತ್ತಿರ ಹೋದರೆ ಸಣ್ಣ ಬೂದು ಗೆರೆಗಳು. ಆ ಕಲ್ಲಿನ ಹಿಂದೆ ಒಂದು ಜಗಳ ಇದೆ.

ಅದು ಜಾರ್ಜಿಯಾದ ಅಮೃತಶಿಲೆ. ಅಂತರ್ಯುದ್ಧ ಮುಗಿದು ಮೂವತ್ತು ವರ್ಷ ಆಗಿತ್ತು ಅಷ್ಟೇ. ದಕ್ಷಿಣದವರ ವಿರುದ್ಧ ಹೋರಾಡಿ ಬಂದವರು ಇನ್ನೂ ಊರಲ್ಲಿದ್ದರು. ಮಿನೆಸೋಟದಲ್ಲೇ ಒಳ್ಳೆ ಗ್ರಾನೈಟ್ ಇರುವಾಗ ಸೋತವರ ನಾಡಿನಿಂದ ಕಲ್ಲು ತರಿಸುವುದು ಯಾಕೆ ಅಂತ ಗಲಾಟೆ ಎದ್ದಿತು. ಗಿಲ್ಬರ್ಟ್ ಪಟ್ಟು ಬಿಡಲಿಲ್ಲ, ಬಿಳಿ ಕಲ್ಲೇ ಬೇಕು ಅಂದರು. ಕೊನೆಗೆ ರಾಜಿ ಆಯಿತು: ಮೆಟ್ಟಿಲು, ತಳದ ಭಾಗ ಸ್ಥಳೀಯ ಗ್ರಾನೈಟ್, ಮೇಲೆ ಜಾರ್ಜಿಯಾದ್ದು. ಆ ಕಲ್ಲನ್ನೂ ಒರಟು ದಿಮ್ಮಿಗಳಾಗಿ ತರಿಸಿ ಸೇಂಟ್ ಪಾಲ್‌ನಲ್ಲೇ ಕೆತ್ತಿಸಿದರು, ಕೂಲಿ ಊರವರಿಗೇ ಸಿಗಲಿ ಅಂತ. ಮೆಟ್ಟಿಲ ಬಳಿ ನಿಂತರೆ ಎರಡು ಕಲ್ಲುಗಳೂ ಸೇರುವ ಗೆರೆ ಕಾಣುತ್ತದೆ. ಅಕ್ಕ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಟೆಂಡರ್ ಜಗಳ ಎಲ್ಲಾ ಕಡೆ ಒಂದೇ ಕಣೋ" ಅಂದಳು.

ಒಳಗೆ ಟೂರ್ ಇತ್ತು. ಮೇಲಿನ ಮಾಡಿನವರೆಗೆ ಹತ್ತಿಸುತ್ತಾರೆ, ಹವಾಮಾನ ಚೆನ್ನಾಗಿದ್ದರೆ. ಅಲ್ಲಿ ಚಿನ್ನದ ಲೇಪದ ನಾಲ್ಕು ಕುದುರೆಗಳ ರಥ ಇದೆ. ಇಬ್ಬರು ಹೆಂಗಸರು ಲಗಾಮು ಹಿಡಿದು ನಡೆಸುತ್ತಿದ್ದಾರೆ. ಇದನ್ನು ಮಾಡಿದ್ದೂ ಡೇನಿಯಲ್ ಚೆಸ್ಟರ್ ಫ್ರೆಂಚ್, ಜೊತೆಗೆ ಎಡ್ವರ್ಡ್ ಪಾಟರ್. ಕೆಳಗಿನಿಂದ ಗಟ್ಟಿ ಚಿನ್ನದ ಹಾಗೆ ಕಾಣುವುದು ಉಕ್ಕಿನ ಚೌಕಟ್ಟಿನ ಮೇಲೆ ಹೊದಿಸಿದ ತಾಮ್ರದ ತಗಡು. ಗುಮ್ಮಟವೂ ಅಷ್ಟೇ, ಕಂಡ ಹಾಗಿಲ್ಲ. ಒಳಗಿನಿಂದ ತಲೆ ಎತ್ತಿದರೆ ಕಾಣುವ ಗುಮ್ಮಟ ಬೇರೆ, ಹೊರಗಿನದು ಬೇರೆ. ನಡುವೆ ಇಟ್ಟಿಗೆ, ಉಕ್ಕಿನ ಒಂದು ಶಂಕು ಅಡಗಿದೆ. ತುದಿಯ ಮಂಟಪದ ಭಾರ ಹೊರುವುದು ಆ ಶಂಕು. ಹೊರಗಿನ ಅಮೃತಶಿಲೆ ತನ್ನ ಭಾರ ಮಾತ್ರ ತಾನು ಹೊತ್ತು ನಿಂತಿದೆ. ಗೈಡ್ ಈ ಭಾಗ ಬೇಗ ಮುಗಿಸಿ ಮುಂದೆ ಹೋಗಲು ನೋಡಿದರು. ಅಕ್ಕ ಬಿಡಲಿಲ್ಲ. ಮಳೆನೀರು ಎಲ್ಲಿ ಹೋಗುತ್ತೆ, ಚಳಿಗೆ ಕಲ್ಲು ಬಿರಿಯೋದಿಲ್ವಾ ಅಂತ ನನ್ನ ಕೈಲಿ ಕೇಳಿಸಿದಳು. ಬಿರಿಯುತ್ತದೆ. 2013ರಿಂದ 2017ರವರೆಗೆ ನಡೆದ ದುರಸ್ತಿಗೆ ಸುಮಾರು 31 ಕೋಟಿ ಡಾಲರ್ ಆಯಿತು. ಕಟ್ಟುವಾಗ ಆಗಿದ್ದು 45 ಲಕ್ಷ ಡಾಲರ್.

ಡೆ ಮೊಯಿನ್‌ನಲ್ಲಿ ಬ್ಯಾಗ್ ಎಕ್ಸ್‌ರೇ ಮಾಡಿಯೇ ಒಳಗೆ ಬಿಟ್ಟರು. ಅಯೋವಾದ ಕ್ಯಾಪಿಟಲ್‌ಗೆ ಒಂದಲ್ಲ, ಐದು ಗುಮ್ಮಟ. ನಡುವಿನದಕ್ಕೆ ಚಿನ್ನದ ರೇಕು ಹೊದಿಸಿದ್ದಾರೆ. ಮೂಲೆಗೊಂದರಂತೆ ಉಳಿದ ನಾಲ್ಕು ಹಸಿರು ತಾಮ್ರದವು. ಒಂದು ಗುಮ್ಮಟ ಎಲ್ಲರ ಹತ್ತಿರವೂ ಇದೆ, ನಮಗೆ ಐದಿರಲಿ ಅನ್ನುವ ಹಾಗೆ! ನನಗಂತೂ ಜಾಸ್ತಿ ಆಯಿತು ಅನ್ನಿಸಿತು. ಒಳಗೂ ಹಾಗೆಯೇ. ಬಣ್ಣಬಣ್ಣದ ಅಮೃತಶಿಲೆ, ಗೋಡೆ ತುಂಬ ಚಿತ್ತಾರ, ಕಣ್ಣಿಗೆ ಬಿಡುವೇ ಇಲ್ಲ. ಆದರೆ ಕಾನೂನು ಗ್ರಂಥಾಲಯವೊಂದು ಇದೆ, ಅದನ್ನು ಮಾತ್ರ ತಪ್ಪಿಸಬೇಡಿ. ಬಿಳಿ ಬಣ್ಣದ ಕಬ್ಬಿಣದ ಸುರುಳಿ ಮೆಟ್ಟಿಲು, ಒಂದರ ಮೇಲೊಂದು ಪುಸ್ತಕದ ಅಟ್ಟಗಳು.

ಅಕ್ಕನಿಗೆ ಇಲ್ಲಿ ಹಿಡಿಸಿದ್ದು ಲೆಕ್ಕ. 1871ರಲ್ಲಿ ಅಡಿಗಲ್ಲು ಹಾಕಿ ಪಾಯ ಕಟ್ಟಿದರು. ಚಳಿಗಾಲ ಕಳೆಯುವಷ್ಟರಲ್ಲಿ ಕಲ್ಲು ಬಿರಿದು ಹಾಳಾಗಿತ್ತು. ಅದನ್ನು ಕಿತ್ತು 1873ರಲ್ಲಿ ಮತ್ತೆ ಅಡಿಗಲ್ಲು ಹಾಕಿದರು. ಎಲ್ಲಾ ಮುಗಿಯಲು 1886 ಆಯಿತು. ಖರ್ಚು 28,73,294 ಡಾಲರ್ 59 ಸೆಂಟ್. ಲೆಕ್ಕಪರಿಶೋಧನೆಯಲ್ಲಿ ತಾಳೆಯಾಗದೆ ಉಳಿದದ್ದು 3 ಡಾಲರ್ 77 ಸೆಂಟ್ ಮಾತ್ರ. "ಇಷ್ಟಕ್ಕೇ ನಮ್ಮಲ್ಲಿ ಆಡಿಟ್ ಪ್ಯಾರಾ ಬರ್ತಿತ್ತು" ಅಂತ ಅಕ್ಕ ಬಹಳ ಹೊತ್ತು ನಗುತ್ತಿದ್ದಳು. ಇಲ್ಲೂ ಬೆಂಕಿ ಬಿದ್ದಿದೆ, ಅದೂ 1904ರಲ್ಲೇ, ಮ್ಯಾಡಿಸನ್‌ಗಿಂತ ಎರಡು ತಿಂಗಳಿಗೂ ಕಡಿಮೆ ಮುಂಚೆ. ಇಲ್ಲಿ ಒಂದು ಭಾಗ ಮಾತ್ರ ಸುಟ್ಟಿತು. ದೊಡ್ಡ ಮೆಟ್ಟಿಲ ಮೇಲಿನ ಚಿತ್ರ ಎಡ್ವಿನ್ ಬ್ಲಾಶ್‌ಫೀಲ್ಡ್‌ದು. ಮ್ಯಾಡಿಸನ್ ಗುಮ್ಮಟದ ಒಳಗಿನ ಚಿತ್ರವೂ ಅವರದೇ, ಸೇಂಟ್ ಪಾಲ್‌ನಲ್ಲೂ ಅವರ ಕೆಲಸವಿದೆ. ರಾಜ್ಯಗಳು ಬೇರೆ, ಕರೆಸಿದ ಕಲಾವಿದರು ಮಾತ್ರ ಅವರವರೇ. ಕಟ್ಟಡಗಳು ಅಣ್ಣತಮ್ಮಂದಿರ ಹಾಗೆ ಕಾಣುವುದಕ್ಕೆ ಅದೂ ಒಂದು ಕಾರಣ.

ನೆಬ್ರಾಸ್ಕಾದ ರಾಜಧಾನಿ ಲಿಂಕನ್ ಸಮೀಪಿಸುವಾಗ ಗುಮ್ಮಟ ಹುಡುಕುತ್ತಿದ್ದ ಅಕ್ಕನಿಗೆ ಕಂಡದ್ದು ಗೋಪುರ. ಬಯಲಿನ ನಡುವೆ 400 ಅಡಿ ನೇರ ಎದ್ದು ನಿಂತಿದೆ. ನೆತ್ತಿಯ ಮೇಲೊಂದು ಸಣ್ಣ ಚಿನ್ನದ ಬಣ್ಣದ ಗುಮ್ಮಟ, ಹಳೇ ಪದ್ಧತಿಗೆ ಒಂದು ನಮಸ್ಕಾರ ಹಾಕಿದ ಹಾಗೆ. ಅದರ ಮೇಲೆ ದೇವತೆಯೂ ಇಲ್ಲ, ಯೋಧನೂ ಇಲ್ಲ. ಬೀಜ ಎರಚುತ್ತಿರುವ ರೈತ.

1920ರ ಸ್ಪರ್ಧೆಯಲ್ಲಿ ಬರ್ಟ್ರಂ ಗುಡ್‌ಹ್ಯೂ ಗೆದ್ದರು. ತಳದಲ್ಲಿ ಅಗಲವಾದ ಚೌಕ, ಒಳಗೆ ನಾಲ್ಕು ಅಂಗಳ, ನಡುವೆ ಗೋಪುರ. ಚೌಕದಲ್ಲಿ ಜನರಿಗೆ ಬೇಕಾದ ಕಚೇರಿ, ಕೋರ್ಟು, ಸಭಾಂಗಣಗಳೆಲ್ಲ ಬಂದವು. ದೂರದಿಂದ ಗುರುತು ಹಿಡಿಯಲು ಗೋಪುರ. ಕಟ್ಟಿದ ಕ್ರಮ ಕೇಳಿ ಅಕ್ಕನ ಕಣ್ಣು ಅರಳಿತು: ಹಳೆಯ ಕ್ಯಾಪಿಟಲನ್ನು ಹಾಗೇ ಬಿಟ್ಟು, ಅದರ ಸುತ್ತ ಹೊಸ ಚೌಕ ಕಟ್ಟಿದರು. ಕಚೇರಿಗಳನ್ನು ಅಲ್ಲಿಗೆ ಸಾಗಿಸಿ ಹಳೆಯದನ್ನು ಕೆಡವಿದರು. ಆ ಜಾಗದಲ್ಲಿ ಗೋಪುರ ಎದ್ದಿತು. ಕಲ್ಲು ತರಲು ಬೀದಿಯಲ್ಲೇ ರೈಲು ಹಳಿ ಹಾಕಿದ್ದರು. 1922ರಿಂದ 1932ರವರೆಗೆ ಕೆಲಸ ನಡೆಯಿತು. ಸಾಲ ಮಾಡಲಿಲ್ಲ, ಹಣ ಬಂದ ಹಾಗೆ ಕಟ್ಟಿದರು. ಗುಡ್‌ಹ್ಯೂ ಮುಗಿದದ್ದು ನೋಡಲಿಲ್ಲ, 1924ರಲ್ಲೇ ತೀರಿಕೊಂಡರು.

ಕೆತ್ತನೆ ಲೀ ಲಾರಿ ಅವರದು. ಹೊರಗೋಡೆಯಲ್ಲಿ ಮೋಸೆಸ್‌ನಿಂದ ಹಿಡಿದು ಕಾನೂನಿನ ಇತಿಹಾಸ ಫಲಕ ಫಲಕವಾಗಿ ನಡೆಯುತ್ತದೆ. ಇಲ್ಲಿ ಶಿಲ್ಪವನ್ನು ಕಟ್ಟಡದ ಮೇಲೆ ತಂದು ಕೂರಿಸಿಲ್ಲ, ಗೋಡೆಯೇ ಶಿಲ್ಪವಾಗಿ ಹೊರಗೆ ಬಂದಿದೆ. ಉಳಿದ ಮೂರಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ನನ್ನ ಪ್ರಕಾರ ಇದು, ಗೋಪುರ ಅಲ್ಲ. ನೆಲದಲ್ಲಿ ಹಿಲ್ಡ್ರೆತ್ ಮೆಯೆರ್ ಅವರ ಮೊಸಾಯಿಕ್. ಯಾವ ಶಾಸನ ಎಲ್ಲಿ ಕೆತ್ತಬೇಕು ಅಂತ ಯೋಚಿಸಲು ಹಾರ್ಟ್ಲಿ ಬರ್ ಅಲೆಕ್ಸಾಂಡರ್ ಅನ್ನುವ ತತ್ವಶಾಸ್ತ್ರದ ಪ್ರೊಫೆಸರ್‌ನ್ನೇ ಇಟ್ಟುಕೊಂಡಿದ್ದರು. ಉತ್ತರದ ಬಾಗಿಲ ಮೇಲೆ ಅವರು ಬರೆದದ್ದು, ನಾಗರಿಕರ ಎಚ್ಚರದಲ್ಲೇ ರಾಜ್ಯದ ಉಳಿವು ಅನ್ನುವ ಅರ್ಥದ ಸಾಲು. ಅಕ್ಕ ಅದನ್ನು ಓದಿ, "ನಮ್ಮಲ್ಲಿ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆದಿದ್ದಾರೆ. ಅದು ಒಳಗೆ ಕೆಲಸ ಮಾಡೋರಿಗೆ. ಇದು ಹೊರಗೆ ನಿಂತೋರಿಗೆ" ಅಂದಳು.

ಪಶ್ಚಿಮದ ಬದಿಯಲ್ಲಿ ಅಬ್ರಹಾಂ ಲಿಂಕನ್ ತಲೆ ತಗ್ಗಿಸಿ ನಿಂತಿದ್ದಾರೆ. 1912ರದ್ದು, ಈ ಕಟ್ಟಡಕ್ಕಿಂತ ಹಳೆಯದು. ಮತ್ತೆ ಡೇನಿಯಲ್ ಚೆಸ್ಟರ್ ಫ್ರೆಂಚ್! "ಈ ಮನುಷ್ಯ ನಮ್ಮ ಜೊತೆನೇ ಬರ್ತಿದ್ದಾನಲ್ಲೋ" ಅಂದಳು ಅಕ್ಕ.

ಎರಡು ಸದನಕ್ಕೆ ಎರಡು ಸಭಾಂಗಣ ಕಟ್ಟಿದರು, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಕಟ್ಟಡ ಮುಗಿದು ಎರಡೇ ವರ್ಷಕ್ಕೆ, 1934ರಲ್ಲಿ, ಜನ ಮತ ಹಾಕಿ ಒಂದು ಸದನ ಸಾಕು ಅಂದುಬಿಟ್ಟರು. ಮುಂದೆ ನಿಂತು ಪ್ರಚಾರ ಮಾಡಿದವರು ಸೆನೆಟರ್ ಜಾರ್ಜ್ ನಾರಿಸ್. 1937ರಿಂದ ಒಂದೇ ಸದನ. ಮತಪತ್ರದಲ್ಲಿ ಪಕ್ಷದ ಹೆಸರೂ ಇಲ್ಲ. ಅಮೆರಿಕದಲ್ಲಿ ಹೀಗಿರುವ ರಾಜ್ಯ ಇದೊಂದೇ. 49 ಸದಸ್ಯರು ಪಶ್ಚಿಮದ ಸಭಾಂಗಣದಲ್ಲಿ ಕೂರುತ್ತಾರೆ. ಪೂರ್ವದ್ದು ಖಾಲಿ, ಸಮಾರಂಭಗಳಿಗೆ ಬಳಸುತ್ತಾರೆ. ನನ್ನ ಕಣ್ಣಿಗೆ ಎರಡರಲ್ಲಿ ಸುಂದರವಾದದ್ದು ಆ ಖಾಲಿ ಸಭಾಂಗಣವೇ. ಮೂಲನಿವಾಸಿಗಳ ಬದುಕನ್ನು ಕೆತ್ತಿ ಬಣ್ಣ ತುಂಬಿದ ಭಾರೀ ಮರದ ಬಾಗಿಲು ಅದಕ್ಕಿದೆ.

ಗೋಪುರದ ಹದಿನಾಲ್ಕನೇ ಮಹಡಿಗೆ ಲಿಫ್ಟಿನಲ್ಲಿ ಹೋದೆವು. ಯಾವುದು ಒಳ್ಳೇದು ಅಂತ ಅಲ್ಲಿ ವಾದ ಶುರುವಾಯಿತು. ನನ್ನ ಓಟು ಲಿಂಕನ್‌ಗೆ. ಶಾಸಕರ ಕಟ್ಟಡ ಹೇಗಿರಬೇಕು ಅಂತ ಮೊದಲಿಂದ ಯೋಚಿಸಿದ್ದು ಈ ನಾಲ್ಕರಲ್ಲಿ ಇವರೊಬ್ಬರೇ. ಅಕ್ಕ ಒಪ್ಪಲಿಲ್ಲ. ಅವಳಿಗೆ ಸೇಂಟ್ ಪಾಲ್. ಗೋಪುರ ಯಾರು ಬೇಕಾದರೂ ಎತ್ತುತ್ತಾರೆ, ಆ ಗುಮ್ಮಟದ ಕಲ್ಲು ಕೂರಿಸಿದ ಮೇಸ್ತ್ರಿ ಎಲ್ಲಿ ಸಿಗ್ತಾನೆ ಅಂತ ಅವಳ ವಾದ.

ನಾರ್ತ್ ಡಕೋಟದ ಬಿಸ್ಮಾರ್ಕ್‌ಗೂ ಹೋಗೋಣ ಅಂದೆ. ಅಲ್ಲಿ 1930ರಲ್ಲಿ ಹಳೆಯದು ಸುಟ್ಟ ಮೇಲೆ ಗುಮ್ಮಟವನ್ನೇ ಬಿಟ್ಟು ಹತ್ತೊಂಬತ್ತು ಮಹಡಿಯ ಕಚೇರಿ ಕಟ್ಟಡ ಎಬ್ಬಿಸಿದ್ದಾರೆ. ಐನೂರು ಮೈಲಿಗೂ ಜಾಸ್ತಿ ಅಂತ ತಿಳಿದ ಮೇಲೆ ಅಕ್ಕ ಯೋಚಿಸಿದಳು. "ಫೋಟೋ ತೋರಿಸು" ಅಂದಳು. ತೋರಿಸಿದೆ. "ಇದು ನಮ್ಮ ಬಹುಮಹಡಿ ಕಟ್ಟಡ ಇದ್ದಂಗಿದೆ. ಬೇಡ, ಮನೆಗೆ ಹೋಗೋಣ" ಅಂದಳು.